ಡಿಡಿರೆಸ್ಕ್ಯೂ, ಫೋಟೋರೆಕ್ ರಿವ್ಯೂ: ಬ್ಯಾಕಪ್ ಇಲ್ಲದ ಪ್ರೆಸ್ ಸರ್ವರ್ ಕೆಟ್ಟು ಕೂತಾಗ ಯಾವುದು ಕೆಲಸಕ್ಕೆ ಬಂತು

ಮೊದಲೇ ಹೇಳ್ಬಿಡ್ತೀನಿ, ಇದು ದುಡ್ಡು ಕೊಟ್ಟು ತಗೊಂಡ ಸಾಮಾನಿನ ರಿವ್ಯೂ ಅಲ್ಲ. ಡಿಡಿರೆಸ್ಕ್ಯೂ, ಟೆಸ್ಟ್‌ಡಿಸ್ಕ್, ಫೋಟೋರೆಕ್ ಮೂರೂ ಕೆಟ್ಟ ಡಿಸ್ಕಿಂದ, ಅಳಿಸಿಹೋದ ಡಿಸ್ಕಿಂದ ಡೇಟಾ ವಾಪಸ್ ತರೋ ಫ್ರೀ ಸಾಫ್ಟ್‌ವೇರು, ಯಾರು ಬೇಕಾದ್ರೂ ಇಳಿಸ್ಕೊಂಡು ಬಳಸ್ಬಹುದು. ಆದ್ರೂ ಕೂತು ಇಷ್ಟುದ್ದ ಬರೀತಿರೋದು ಯಾಕೆ ಅಂದ್ರೆ ಇವುಗಳ ಬಗ್ಗೆ ನನಗೆ ಕಂಡಿರೋ ರಿವ್ಯೂಗಳೆಲ್ಲ ಪೆನ್‌ಡ್ರೈವಲ್ಲಿ ಡಿಲೀಟ್ ಆದ ಫೋಟೋ ವಾಪಸ್ ತಂದ ಕಥೆಗಳೇ. ಆಫೀಸಿನ ಸರ್ವರ್ ಪೂರ್ತಿ ಕೂತು, ಬ್ಯಾಕಪ್ ಅಂತ ಎಲ್ರೂ ನಂಬ್ಕೊಂಡಿದ್ದು ಕೆಲಸಕ್ಕೆ ಬರಲ್ಲ ಅಂತ ಗೊತ್ತಾದಾಗ ಇವು ಎಲ್ಲೀವರೆಗೆ ಬರ್ತವೆ, ಎಲ್ಲಿ ಕೈ ಬಿಡ್ತವೆ ಅನ್ನೋದು ಬೇರೇನೇ ವಿಷಯ.

ನಂದು ತುಮಕೂರಲ್ಲಿ ಸಣ್ಣ ಸರ್ವಿಸ್ ಅಂಗಡಿ, ಪ್ರಿಂಟರು, ಸಿಸಿಟಿವಿ, ಟ್ಯಾಲಿ (ಅಂಗಡಿ ಲೆಕ್ಕದ ಸಾಫ್ಟ್‌ವೇರು) ಇನ್‌ಸ್ಟಾಲೇಶನ್ನು, ಎಲ್ಲಾನೂ ಮಾಡ್ತೀವಿ. ಡೇಟಾ ರಿಕವರಿ ಅಂತ ಬೋರ್ಡ್ ಹಾಕಿಲ್ಲ, ಆದ್ರೂ ಜನ ತರ್ತಾರೆ. ಈ ಸಲ ಬಂದಿದ್ದು ಒಂದು ಆಫ್‌ಸೆಟ್ ಪ್ರೆಸ್ಸಿನ ಸರ್ವರು. ಲಗ್ನಪತ್ರಿಕೆ, ಬಿಲ್ ಬುಕ್ಕು, ಸಂಘಗಳ ಸ್ಮರಣ ಸಂಚಿಕೆ, ಕ್ಯಾಲೆಂಡರು, ಹೀಗೆ ವರ್ಷಾನುಗಟ್ಟಲೆ ಮಾಡಿದ ಡಿಸೈನೆಲ್ಲ ಅದರೊಳಗೇ ಇತ್ತು, ಜೊತೆಗೆ ಟ್ಯಾಲಿ ಡೇಟಾನೂ. ಹೋದ ವರ್ಷ ಬಿಲ್ ಬುಕ್ ಮಾಡಿಸಿದೋನು ಈ ವರ್ಷ ಬಂದು "ಅದೇ ಥರ ಇನ್ನೂ ಇಪ್ಪತ್ತು ಬುಕ್ ಹಾಕಿ ಸಾರ್, ನಂಬರ್ ಮಾತ್ರ ಮುಂದಿಂದು" ಅಂತಾನೆ, ಪ್ರೆಸ್ ನಡೆಯೋದೇ ಅದರ ಮೇಲೆ. ಹಳೇ ಫೈಲ್ ಇಲ್ಲ ಅಂದ್ರೆ ಪ್ರತೀ ಗಿರಾಕಿಗೂ ಮೊದಲಿಂದ ಕೂತು ಡಿಟಿಪಿ ಮಾಡ್ಬೇಕು.

ಸರ್ವರ್ ಅಂದ್ರೆ ದೊಡ್ಡದೇನಲ್ಲ, ಅಸೆಂಬಲ್ ಮಾಡಿದ ಟವರು, ಒಳಗೆ ಲಿನಕ್ಸು, ಲಿನಕ್ಸಿಗೆ ಒಂದು ಚಿಕ್ಕ ಎಸ್‌ಎಸ್‌ಡಿ, ಡೇಟಾಗೆ 2 ಟಿಬಿದು ನಾಲ್ಕು ಹಾರ್ಡ್ ಡಿಸ್ಕ್ ಸೇರಿಸಿ ರೇಡ್ 5. ರೇಡ್ 5 ಗೊತ್ತಿಲ್ಲದೋರಿಗೆ: ನಾಲ್ಕು ಡಿಸ್ಕಲ್ಲಿ ಮೂರರಷ್ಟು ಜಾಗ ಡೇಟಾಗೆ ಸಿಗುತ್ತೆ, ಅಂದ್ರೆ 6 ಟಿಬಿ, ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿ ಅನ್ನೋ ಲೆಕ್ಕಕ್ಕೆ ಹೋಗುತ್ತೆ, ಯಾವುದಾದ್ರೂ ಒಂದು ಡಿಸ್ಕ್ ಹೋದ್ರೆ ಆ ಲೆಕ್ಕದಿಂದ ಅದರ ಡೇಟಾ ಮತ್ತೆ ಕಟ್ಕೋಬಹುದು. ಎರಡು ಹೋದ್ರೆ ಇಲ್ಲ. ಇಲ್ಲಿ ಆಗಿದ್ದೂ ಅದೇ. ಒಂದು ಡಿಸ್ಕು ಯಾವಾಗ್ಲೋ ಆಚೆ ಬಿದ್ದಿತ್ತು, ಸರ್ವರ್ ಮಾತ್ರ ಮೂರರ ಮೇಲೇ ಓಡ್ತಾ ಇತ್ತು, ಶೇರ್ ಫೋಲ್ಡರ್ ಓಪನ್ ಆಗ್ತಿತ್ತು, ಹಾಗಾಗಿ ಯಾರಿಗೂ ಗೊತ್ತೇ ಆಗಿಲ್ಲ. ಎರಡನೇದೂ ಎರರ್ ಕೊಟ್ಟ ದಿನ ಎಲ್ಲಾ ನಿಂತ್ಹೋಯ್ತು.

ಯಜಮಾನ್ರು ಧೈರ್ಯವಾಗೇ ಇದ್ರು, ಯಾಕಂದ್ರೆ ಪಕ್ಕದಲ್ಲಿ ಯುಎಸ್‌ಬಿ ಹಾರ್ಡ್ ಡಿಸ್ಕ್ ಒಂದು ಲೈಟ್ ಮಿಣಕ್ತಾ ಕೂತಿತ್ತಲ್ಲ, ದಿನಾ ರಾತ್ರಿ ಅದಕ್ಕೆ ಬ್ಯಾಕಪ್ ಹೋಗುತ್ತೆ ಅಂತ ಹಿಂದೆ ಇದನ್ನ ಕಟ್ಟಿಕೊಟ್ಟೋರು ಹೇಳಿದ್ರಂತೆ. ತೆಗೆದು ನೋಡಿದ್ರೆ ಅದರಲ್ಲಿರೋದೆಲ್ಲ ಹಳೇ ಡೇಟಾ, ಒಂದು ದಿನದಿಂದ ಈಚೆಗೆ ಏನೂ ಇಲ್ಲ. ಕಾರಣ ಕೇಳಿದ್ರೆ ನಗು ಬರುತ್ತೆ. ಯಾವತ್ತೋ ಕರೆಂಟ್ ಹೋಗಿ ಬಂದಾಗ ಆ ಯುಎಸ್‌ಬಿ ಡಿಸ್ಕ್ ಮೌಂಟ್ ಆಗಿಲ್ಲ, ಅಂದ್ರೆ ಲಿನಕ್ಸ್ ಅದನ್ನ ಒಂದು ಫೋಲ್ಡರಾಗಿ ಜೋಡಿಸ್ಕೊಂಡಿಲ್ಲ. ಆದ್ರೆ ಅದು ಮೌಂಟ್ ಆಗ್ಬೇಕಿದ್ದ ಫೋಲ್ಡರ್ ಅಂತೂ ಇತ್ತು. ಬ್ಯಾಕಪ್ ಮಾಡೋ ಸ್ಕ್ರಿಪ್ಟಿಗೇನ್ ಗೊತ್ತು, ಅದು ರಾತ್ರಿ ಎದ್ದು ಆ ಫೋಲ್ಡರಿಗೇ ಕಾಪಿ ಮಾಡ್ತು, ಅಂದ್ರೆ ಅದೇ ಸರ್ವರಿನ ಎಸ್‌ಎಸ್‌ಡಿ ಮೇಲೆ. ಎಸ್‌ಎಸ್‌ಡಿ ತುಂಬಿತು, ಆಮೇಲಿಂದ ದಿನಾ ರಾತ್ರಿ ಸ್ಕ್ರಿಪ್ಟ್ ಓಡೋದು, ಜಾಗ ಇಲ್ಲ ಅಂತ ಸಾಯೋದು, ಅದರ ಎರರ್ ಮೇಲ್ ಯಾರೂ ನೋಡದ ರೂಟ್ ಮೇಲ್‌ಬಾಕ್ಸಲ್ಲಿ ಬೀಳೋದು. ಸ್ಕ್ರಿಪ್ಟಲ್ಲಿ ಮೌಂಟ್ ಆಗಿದ್ಯಾ ಅಂತ ಚೆಕ್ ಮಾಡೋ ಒಂದೇ ಒಂದು ಸಾಲು ಇದ್ದಿದ್ರೆ ಈ ರಿವ್ಯೂನೇ ಇರ್ತಿರ್ಲಿಲ್ಲ.

ಸಣ್ಣ ಊರಿನ ಪ್ರೆಸ್ಸು, ಅದಕ್ಕೇ ಹೀಗೆ ಅನ್ಕೋಬೇಡಿ. ಪ್ರೋಗ್ರಾಂ ಬರೆಯೋರ ಕೋಡ್ ಇಟ್ಕೊಳ್ಳೋ ಗಿಟ್‌ಲ್ಯಾಬ್ ಕಂಪನಿಗೆ 2017 ಜನವರಿ 31ಕ್ಕೆ ಹೆಚ್ಚುಕಮ್ಮಿ ಇದೇ ಆಯ್ತು. ಅವರ ಇಂಜಿನಿಯರ್ ಒಬ್ರು ರಾತ್ರಿ ಹೊತ್ತಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಫೋಲ್ಡರ್ ಅಳಿಸೋಕೆ ಶುರು ಮಾಡಿ, ನಿಲ್ಸೋ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್‌ಗೆ ಅಂತ ಐದು ಥರದ ವ್ಯವಸ್ಥೆ ಇಟ್ಕೊಂಡಿದ್ರು, ಒಂದೂ ಸರಿಯಾಗಿ ಕೆಲಸಕ್ಕೆ ಬರಲಿಲ್ಲ. ದಿನಾ ಆಗ್ಬೇಕಿದ್ದ ಡೇಟಾಬೇಸ್ ಡಂಪು, ಅಂದ್ರೆ ಪೂರ್ತಿ ಕಾಪಿ, ಆಗ್ತಾನೇ ಇರ್ಲಿಲ್ಲ, ಯಾಕಂದ್ರೆ ಡಂಪ್ ಮಾಡೋ ಪ್ರೋಗ್ರಾಂ 9.2 ವರ್ಷನ್ನು, ಡೇಟಾಬೇಸ್ 9.6, ಎರಡಕ್ಕೂ ಹೊಂದಲ್ಲ. ಫೇಲ್ ಆಯ್ತು ಅಂತ ಹೇಳ್ಬೇಕಿದ್ದ ಮೇಲ್‌ಗಳನ್ನ ತಗೋಬೇಕಿದ್ದ ಮೇಲ್ ಸರ್ವರ್ ತಿರಸ್ಕರಿಸ್ತಿತ್ತು. ಕೊನೆಗೆ ಬೇರೆ ಯಾವುದೋ ಕೆಲಸಕ್ಕೆ ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟಿಂದ (ಡಿಸ್ಕಿನ ಆ ಹೊತ್ತಿನ ನಕಲು) ಬಚಾವಾದ್ರು, ರಿಕವರಿ ಮಾಡೋದನ್ನ ಯೂಟ್ಯೂಬಲ್ಲಿ ಲೈವ್ ಕೂಡ ತೋರಿಸಿದ್ರು. ಆ ಧೈರ್ಯಕ್ಕೆ ಮೆಚ್ಚಬೇಕು.

ಸರಿ, ರಿವ್ಯೂಗೆ ಬರೋಣ. ನನ್ನ ಕೇಳಿದ್ರೆ ಇಡೀ ಕೆಲಸದ ಮುಕ್ಕಾಲು ಪಾಲು ಮರ್ಯಾದೆ ಡಿಡಿರೆಸ್ಕ್ಯೂಗೆ ಹೋಗ್ಬೇಕು, ಉಳಿದ ಸಾಫ್ಟ್‌ವೇರೆಲ್ಲ ಅದು ತಂದುಕೊಟ್ಟಿದ್ದರ ಮೇಲೆ ಕೆಲಸ ಮಾಡಿದ್ದು ಅಷ್ಟೇ. ಜನ ಉಲ್ಟಾ ಮಾಡ್ತಾರೆ. ಸಾಯ್ತಿರೋ ಡಿಸ್ಕನ್ನ ಹಾಕ್ಕೊಂಡು ನೇರ ಅದರ ಮೇಲೇ ರಿಕವರಿ ಸಾಫ್ಟ್‌ವೇರ್ ಸ್ಕ್ಯಾನ್ ಬಿಡ್ತಾರೆ, ಅದು ರಾತ್ರಿಯೆಲ್ಲ ಡಿಸ್ಕನ್ನ ಉಜ್ಜುತ್ತೆ, ಬೆಳಿಗ್ಗೆ ಡಿಸ್ಕೂ ಇಲ್ಲ ಡೇಟಾನೂ ಇಲ್ಲ.

ಡಿಡಿರೆಸ್ಕ್ಯೂ ಮಾಡೋದು ಒಂದೇ ಕೆಲಸ, ಒಂದು ಡಿಸ್ಕಿಂದ ಇನ್ನೊಂದಕ್ಕೆ ಸೆಕ್ಟರ್ ಸೆಕ್ಟರಾಗಿ ಕಾಪಿ, ಸೆಕ್ಟರ್ ಅಂದ್ರೆ ಡಿಸ್ಕಿನ ಸಣ್ಣ ಸಣ್ಣ ತುಂಡು. ಫೈಲ್ ಏನು, ಫೋಲ್ಡರ್ ಏನು ಅಂತ ಅದಕ್ಕೆ ಗೊತ್ತಿಲ್ಲ, ಗೊತ್ತಿರೋ ಅಗತ್ಯಾನೂ ಇಲ್ಲ. ಅದರ ಜಾಣತನ ಇರೋದು ಓದೋ ಕ್ರಮದಲ್ಲಿ. ಮೊದಲ ಸುತ್ತಲ್ಲಿ ಸುಲಭವಾಗಿ ಬರೋದನ್ನೆಲ್ಲ ಬೇಗ ಬೇಗ ಎತ್ಕೊಳ್ಳುತ್ತೆ, ಎಲ್ಲಿ ಡಿಸ್ಕ್ ತಡವರಿಸ್ತೋ ಅಲ್ಲಿ ಹಠ ಮಾಡದೆ ಹಾರಿ ಮುಂದೆ ಹೋಗುತ್ತೆ. ಆಮೇಲೆ ವಾಪಸ್ ಬಂದು ಬಿಟ್ಟ ಜಾಗಗಳ ಅಂಚನ್ನ ಸವರುತ್ತೆ, ಆಮೇಲೆ ಒಳಗಡೆ ಕೆರೆಯುತ್ತೆ, ಕೊನೇಗೆ ನಾವು ಹೇಳಿದ್ರೆ ಮಾತ್ರ ಹಾಳಾದ ಸೆಕ್ಟರುಗಳನ್ನ ಮತ್ತೆ ಮತ್ತೆ ಕೇಳುತ್ತೆ. ಹಬ್ಬದ ದಿನ ಮಾವಿನಕಾಯಿ ಕೀಳೋರು ಮೊದ್ಲು ಕೈಗೆ ಸಿಕ್ಕಿದ್ದನ್ನ ಬುಟ್ಟಿಗೆ ಹಾಕಿ, ಆಮೇಲೆ ದೋಟಿ ಹಿಡಿದು ತುದಿಕೊಂಬೆಗೆ ಹೋಗ್ತಾರಲ್ಲ, ಹಂಗೆ. ಡಿಸ್ಕ್ ಮಧ್ಯದಲ್ಲೇ ಪ್ರಾಣ ಬಿಟ್ರೂ ಒಳ್ಳೇದೆಲ್ಲ ಅಷ್ಟರಲ್ಲಿ ನಮ್ಮ ಹತ್ರ ಬಂದಿರುತ್ತೆ.

ಇದೆಲ್ಲ ಯಾವ ಯಾವ ಜಾಗ ಆಯ್ತು, ಯಾವುದು ಬಾಕಿ ಅಂತ ಮ್ಯಾಪ್‌ಫೈಲ್ ಅಂತ ಒಂದು ಸಣ್ಣ ಟೆಕ್ಸ್ಟ್ ಫೈಲಲ್ಲಿ ಬರ್ಕೊಳ್ಳುತ್ತೆ. ಓಪನ್ ಮಾಡಿ ನೋಡಿದ್ರೆ ಪ್ಲಸ್ ಇದ್ದ ಕಡೆ ಬಂದಿದೆ, ಮೈನಸ್ ಇದ್ದ ಕಡೆ ಬ್ಯಾಡ್ ಸೆಕ್ಟರ್, ಪ್ರಶ್ನಾರ್ಥಕ ಚಿಹ್ನೆ ಇದ್ರೆ ಇನ್ನೂ ಮುಟ್ಟೇ ಇಲ್ಲ ಅಂತ ಅರ್ಥ. ನಮ್ಮ ಅಂಗಡೀಲಿ ಕರೆಂಟ್ ಹೋಗಿ ಯುಪಿಎಸ್ಸೂ ಖಾಲಿಯಾಗಿ ಕಾಪಿ ಅರ್ಧದಲ್ಲಿ ನಿಂತಾಗ, ಬಂದ್ಮೇಲೆ ಅದೇ ಕಮಾಂಡು ಅದೇ ಮ್ಯಾಪ್‌ಫೈಲ್ ಹೆಸರು ಹೊಡೆದೆ, ಬಿಟ್ಟಲ್ಲಿಂದ ಶುರು ಮಾಡ್ತು, ಒಂದು ಮಾತಿಲ್ಲ. ಈ ಒಂದು ಗುಣಕ್ಕೇ ನಾನು ಪೂರ್ತಿ ಮಾರ್ಕ್ಸ್ ಕೊಟ್ಬಿಡ್ತೀನಿ. ಆದ್ರೆ ಮ್ಯಾಪ್‌ಫೈಲ್ ಹೆಸರು ಕೊಡೋದು ಕಡ್ಡಾಯ ಅಲ್ಲ, ಕೊಡದೇ ಇದ್ರೂ ಓಡುತ್ತೆ, ಆಗ ಮಧ್ಯದಲ್ಲಿ ನಿಂತ್ರೆ ಮತ್ತೆ ಮೊದಲಿಂದಾನೇ, ಇದನ್ನ ಕಡ್ಡಾಯ ಮಾಡ್ಬೇಕಿತ್ತು ಅಂತ ನನ್ನ ಅಭಿಪ್ರಾಯ.

ನಾನು ಮಾಡಿದ ಕ್ರಮ ಹೇಳ್ತೀನಿ, ಬೇಕಾದೋರಿಗೆ ಉಪಯೋಗ ಆಗ್ಲಿ. ಸರ್ವರ್ ಆಫ್ ಮಾಡಿ ನಾಲ್ಕು ಡಿಸ್ಕಿಗೂ ಮಾರ್ಕರಲ್ಲಿ ನಂಬರ್ ಬರೆದು, ಯಾವ ಪೋರ್ಟಲ್ಲಿತ್ತು ಅಂತ ಫೋಟೋ ತೆಗೆದೆ. ಯಜಮಾನ್ರು ಮಧ್ಯದಲ್ಲಿ "ರೀಬಿಲ್ಡ್ ಅಂತ ಏನೋ ಇದ್ಯಂತಲ್ಲಪ್ಪ, ಹೊಸ ಡಿಸ್ಕ್ ಹಾಕಿ ಅದನ್ನ ಒತ್ತಿದ್ರೆ ಆಗಲ್ವಾ, ನಮ್ಮ ಅಳಿಯ ಹೇಳ್ದ" ಅಂದ್ರು. ಆಗಲ್ಲ ಸಾರ್, ಎರಡು ಡಿಸ್ಕ್ ಹೋಗಿರುವಾಗ ರೀಬಿಲ್ಡ್ ಮಾಡೋಕೆ ಲೆಕ್ಕವೇ ಸಾಕಾಗಲ್ಲ, ಹೊಸದಾಗಿ ಅರ್ರೇ (ರೇಡ್‌ನ ಡಿಸ್ಕುಗಳ ಜೋಡಣೆ) ಕ್ರಿಯೇಟ್ ಮಾಡೋಕೆ ಹೋದ್ರೆ ಇರೋದೂ ಅಳಿಸ್ಕೊಂಡು ಹೋಗ್ಬಹುದು ಅಂತ ಹೇಳಿ ಕೂರಿಸ್ಬೇಕಾಯ್ತು. ಅಳಿಯಂದಿರ ಫೋನ್ ಸಲಹೆಗಳಿಂದ ಹೋಗಿರೋ ಡೇಟಾದ ಲೆಕ್ಕ ಯಾರಾದ್ರೂ ಇಟ್ಟಿದ್ರೆ ಚೆನ್ನಾಗಿರ್ತಿತ್ತು.

ಆಮೇಲೆ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಲ್ಲಿ ಕಾಪಿ ಮಾಡ್ಕೊಳ್ಳೋಕೆ ಹೊಸ ಡಿಸ್ಕ್ ತಂದೆ. ಖರ್ಚು ಅಂತ ಆಗಿದ್ದು ಮುಖ್ಯವಾಗಿ ಇದೇ. ಸಾಫ್ಟ್‌ವೇರ್ ಫ್ರೀ ಇರ್ಬಹುದು, ಆದ್ರೆ ಎಷ್ಟು ಡಿಸ್ಕ್ ಕೆಟ್ಟಿದ್ಯೋ ಕನಿಷ್ಠ ಅಷ್ಟು ಹೊಸ ಜಾಗ ಬೇಕು, ನಾನು ಚೆನ್ನಾಗಿರೋ ಡಿಸ್ಕುಗಳನ್ನೂ ಸೇರಿಸಿ ಎಲ್ಲಾದರದ್ದೂ ಕಾಪಿ ತೆಗೀತೀನಿ, ಒಂದೇ ವಯಸ್ಸಿನ ಡಿಸ್ಕುಗಳು ಒಂದರ ಹಿಂದೆ ಒಂದು ಹೋಗೋದು ಮಾಮೂಲಿ. ಇನ್ನೊಂದು, ಡಿಸ್ಕನ್ನ ಯುಎಸ್‌ಬಿ ಡಾಕಿಗೆ, ಅಂದ್ರೆ ಡಿಸ್ಕ್ ಸಿಕ್ಕಿಸಿ ಯುಎಸ್‌ಬಿಗೆ ಹಾಕೋ ಡಬ್ಬಿಗೆ, ಹಾಕ್ಬೇಡಿ. ಕೆಟ್ಟ ಸೆಕ್ಟರ್ ಬಂದಾಗ ಎಷ್ಟೋ ಡಾಕುಗಳು ತಾವೇ ಹ್ಯಾಂಗ್ ಆಗಿಬಿಡ್ತವೆ, ಮದರ್‌ಬೋರ್ಡಿನ ಸಾಟಾ ಪೋರ್ಟಿಗೇ ನೇರ ಹಾಕಿ.

ಸ್ಮಾರ್ಟ್ ರಿಪೋರ್ಟ್, ಅಂದ್ರೆ ಡಿಸ್ಕು ತನ್ನ ಆರೋಗ್ಯ ತಾನೇ ಬರೆದಿಟ್ಕೊಳ್ಳೋ ಪಟ್ಟಿ, ತೆಗೆದಾಗ ಒಂದು ವಿಷಯ ಗೊತ್ತಾಯ್ತು, ಎರಡನೇದಾಗಿ ಬಿದ್ದ ಡಿಸ್ಕು ಅಷ್ಟೇನೂ ಸತ್ತಿರ್ಲಿಲ್ಲ. 197ನೇ ಸಾಲು, ಅಂದ್ರೆ ಪೆಂಡಿಂಗ್ ಸೆಕ್ಟರ್ (ಓದೋಕೆ ಆಗದೆ ಬಾಕಿ ಇರೋವು), ಅಲ್ಲಿ ಒಂದಷ್ಟು ಇತ್ತು ಅಷ್ಟೇ. ಮತ್ತೆ ಯಾಕೆ ಅರ್ರೇಯಿಂದ ಆಚೆ ಹಾಕ್ತು? ಡೆಸ್ಕ್‌ಟಾಪ್ ಡಿಸ್ಕುಗಳು ಒಂದು ಕೆಟ್ಟ ಸೆಕ್ಟರ್ ಸಿಕ್ರೆ ಓದ್ಲೇಬೇಕು ಅಂತ ತುಂಬಾ ಹೊತ್ತು ಒದ್ದಾಡ್ತವೆ, ಲಿನಕ್ಸ್ ಮಾಮೂಲಿ 30 ಸೆಕೆಂಡ್ ಕಾದು ಉತ್ತರ ಬಂದಿಲ್ಲ ಅಂತ ಕನೆಕ್ಷನ್ ರೀಸೆಟ್ ಮಾಡುತ್ತೆ, ರೇಡ್ ಅದನ್ನ ನೋಡಿ ಡಿಸ್ಕೇ ಸತ್ತಿದೆ ಅಂತ ತೆಗೆದುಹಾಕುತ್ತೆ. ಸರ್ವರಿಗೆ ಅಂತಲೇ ಬರೋ ಡಿಸ್ಕುಗಳು ಕೆಲವೇ ಸೆಕೆಂಡಲ್ಲಿ "ಬರ್ತಿಲ್ಲ" ಅಂತ ಒಪ್ಕೊಂಡ್ಬಿಡ್ತವೆ, ಆಗ ರೇಡ್ ಪ್ಯಾರಿಟಿಯಿಂದ ಆ ಜಾಗ ಸರಿ ಮಾಡ್ಕೊಳ್ಳುತ್ತೆ. ಸಾವಿರ ಎರಡು ಸಾವಿರ ಉಳಿಸೋಕೆ ಸಾದಾ ಡಿಸ್ಕ್ ಹಾಕಿದ್ದಕ್ಕೆ ಇದು ಬಂದಿದ್ದು. ಆದ್ರೆ ಅದರಿಂದಾನೇ ರಿಕವರಿಗೂ ಆಸೆ ಉಳೀತು ಅನ್ನಿ, ಡಿಸ್ಕಿನ ಹೆಡ್ಡು, ಅಂದ್ರೆ ಒಳಗೆ ಓದೋ ಭಾಗ, ಕೆಟ್ಟಿರ್ಲಿಲ್ಲ, ಕೆಲವು ಜಾಗ ಓದೋಕಾಗ್ತಿರ್ಲಿಲ್ಲ ಅಷ್ಟೇ.

ಕಾಪಿ ಶುರು ಮಾಡ್ದೆ, ಮೊದಲ ಸುತ್ತು ಮೈನಸ್ ಎನ್ ಅನ್ನೋ ಆಪ್ಷನ್ ಹಾಕಿ, ಅಂದ್ರೆ ಕೆರೆಯೋ ಕೆಲಸ ಈಗ ಬೇಡ ಅಂತ. ಚೆನ್ನಾಗಿರೋ 2 ಟಿಬಿ ಡಿಸ್ಕು ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಐದೂವರೆ ಗಂಟೇಲಿ ಮುಗಿಯುತ್ತೆ. ಕೆಟ್ಟಿದ್ದಕ್ಕೆ ಲೆಕ್ಕ ಇಲ್ಲ. ಸ್ಕ್ರೀನ್ ಮೇಲೆ ಎಷ್ಟು ಬಂತು, ಎಷ್ಟು ಕಡೆ ಕೆಟ್ಟಿದೆ, ಈಗಿನ ಸ್ಪೀಡು, ಕೊನೇ ಸಲ ಓದೋಕಾಗಿ ಎಷ್ಟು ಹೊತ್ತಾಯ್ತು, ಎಲ್ಲಾ ಓಡ್ತಾ ಇರುತ್ತೆ. ಆ ಕೊನೇ ಲೆಕ್ಕ ಇದ್ಯಲ್ಲ, ಅದನ್ನ ನೋಡ್ತಾ ಕೂತ್ರೆ ಊಟ ಸೇರಲ್ಲ. ಸ್ಪೀಡು ನೂರು ಎಂಬಿಯಿಂದ ಸೀದಾ ಕೆಲವು ಕೆಬಿಗೆ ಇಳಿದು, ಡಿಸ್ಕು ಟಕ್ ಟಕ್ ಅಂತ ಸಣ್ಣಗೆ ಸದ್ದು ಮಾಡಿ, ಮತ್ತೆ ಹಾರಿ ಮುಂದೆ ಹೋಗಿ ಸ್ಪೀಡ್ ಏರಿದಾಗ ಮನಸ್ಸಿಗೆ ಸಮಾಧಾನ. ಶೇಕಡಾ 99.99 ಅಂತ ತೋರಿಸಿದ ತಕ್ಷಣ ಖುಷಿ ಪಡಬೇಡಿ, 2 ಟಿಬಿಯಲ್ಲಿ ಉಳಿದ 0.01 ಅಂದ್ರೆ 200 ಎಂಬಿ, ಅದು ಫೈಲ್‌ಸಿಸ್ಟಮ್ಮಿನ (ಯಾವ ಫೈಲ್ ಎಲ್ಲಿದೆ ಅನ್ನೋ ವ್ಯವಸ್ಥೆ) ಮುಖ್ಯ ಜಾಗದಲ್ಲಿ ಬಿದ್ದಿದ್ರೆ ಫೋಲ್ಡರುಗಳೇ ಮಾಯ. ಎರಡನೇ ಸುತ್ತಲ್ಲಿ ಕೆರೆಯೋಕೆ ಬಿಟ್ಟು, ಆಮೇಲೆ ಮೈನಸ್ ಆರ್ 3 ಹಾಕಿ ಮತ್ತೆ ಕೇಳಿಸಿ, ಒಂದ್ಸಲ ಹಿಂದಿನಿಂದ ಮುಂದಕ್ಕೆ ಓದಿಸಿ ನೋಡಿದ್ಮೇಲೆ ಉಳಿದಿದ್ದು ಕೆಲವೇ ಎಂಬಿ. ಅಲ್ಲಿಗೆ ಸಾಕು ಅಂತ ನಿಲ್ಲಿಸ್ದೆ.

ಇಲ್ಲಿ ಒಂದು ದೂರು. ಡಿಡಿರೆಸ್ಕ್ಯೂಗೆ ಮೊದಲು ಹಳೇ ಡಿಸ್ಕ್ ಹೆಸರು, ಆಮೇಲೆ ಹೊಸ ಡಿಸ್ಕ್ ಹೆಸರು ಕೊಡ್ಬೇಕು. ಅದಲು ಬದಲಾದ್ರೆ ಖಾಲಿ ಡಿಸ್ಕನ್ನ ತಗೊಂಡು ಹೋಗಿ ಡೇಟಾ ಇರೋ ಡಿಸ್ಕ್ ಮೇಲೆ ಬರೆಯುತ್ತೆ. ಡಿಸ್ಕ್ ಮೇಲೆ ಬರೀಬೇಕಾದ್ರೆ ಮೈನಸ್ ಎಫ್ ಅಂತ ಫೋರ್ಸ್ ಕೊಡ್ಲೇಬೇಕು ಅನ್ನೋ ಒಂದು ತಡೆ ಇದೆ, ಆದ್ರೆ ಎಲ್ರೂ ಅದನ್ನ ಕಾಪಿ ಪೇಸ್ಟ್ ಮಾಡೋದ್ರಿಂದ ತಡೆ ಇದ್ದೂ ಇಲ್ಲದಂಗೆ. ಸೀರಿಯಲ್ ನಂಬರ್ ನೋಡ್ಕೊಂಡು ಹೊಡೀರಿ, ಡಿಸ್ಕುಗಳಿಗೆ ಲಿನಕ್ಸ್ ಕೊಡೋ ಎಸ್‌ಡಿಬಿ ಎಸ್‌ಡಿಸಿ ಅನ್ನೋ ಹೆಸರುಗಳು ರೀಬೂಟ್ ಆದ್ರೆ ಬದಲಾಗ್ತವೆ. ಕಮಾಂಡ್ ಲೈನ್ ಅಂದ್ರೆ ಭಯ ಇರೋರಿಗೆ ಇದು ಕಷ್ಟಾನೇ. ಮ್ಯಾಪ್‌ಫೈಲನ್ನ ಬಣ್ಣದ ಚೌಕಗಳಾಗಿ ತೋರಿಸೋಕೆ ಡಿಡಿರೆಸ್ಕ್ಯೂವ್ಯೂ ಅಂತ ಇದೆ, ಗಿರಾಕಿಗೆ ತೋರಿಸೋಕೆ ಚೆನ್ನಾಗಿರುತ್ತೆ, ಎಲ್ಲಿ ಕೆಂಪು ಇದೆ ಅಂತ ಅವರಿಗೂ ಅರ್ಥ ಆಗುತ್ತೆ.

ಕಾಪಿಗಳು ಆದ್ಮೇಲೆ ಅಸಲಿ ಡಿಸ್ಕುಗಳನ್ನ ಬಿಚ್ಚಿ ಪಕ್ಕಕ್ಕಿಟ್ಟು, ಕಾಪಿಗಳನ್ನ ಮಾತ್ರ ಹಾಕಿ ಎಂಡಿಆಡಂ ಅನ್ನೋ ಲಿನಕ್ಸ್ ರೇಡ್ ಟೂಲಿಂದ ಅರ್ರೇ ಜೋಡಿಸ್ಬೇಕು. ಪ್ರತಿ ಡಿಸ್ಕಲ್ಲೂ ಈವೆಂಟ್ ಕೌಂಟ್ ಅಂತ ಒಂದು ನಂಬರ್ ಇರುತ್ತೆ, ಅರ್ರೇಲಿ ಬದಲಾವಣೆ ಆದಂಗೆಲ್ಲ ಏರ್ತಾ ಹೋಗುತ್ತೆ. ಎಂಡಿಆಡಂಗೆ ಎಕ್ಸಾಮಿನ್ ಅನ್ನೋ ಆಪ್ಷನ್ ಕೊಟ್ಟು ನೋಡಿದ್ರೆ ಮೂರು ಡಿಸ್ಕಿಂದು ಹತ್ರ ಹತ್ರ, ಒಂದರದ್ದು ತುಂಬಾ ಹಿಂದೆ. ಹಿಂದೆ ಉಳಿದಿರೋದು ಯಾವತ್ತೋ ಆಚೆ ಬಿದ್ದಿದ್ದ ಡಿಸ್ಕು, ಅದು ಈಗ ಚೆನ್ನಾಗಿ ಓದ್ತಿದ್ರೂ ಅದರಲ್ಲಿರೋದು ಹಳೇ ಕಾಲದ ಡೇಟಾ. ಅದನ್ನ ಸೇರಿಸಿದ್ರೆ ಹಳೇದೂ ಹೊಸದೂ ಬೆರೆತು ಪ್ಯಾರಿಟಿ ಲೆಕ್ಕ ಎಲ್ಲಾ ತಪ್ಪಿ ಫೈಲುಗಳು ಕಲಸುಮೇಲೋಗರ ಆಗ್ತವೆ. ಎಷ್ಟೋ ಕಡೆ "ಈ ಡಿಸ್ಕ್ ಚೆನ್ನಾಗಿದೆ, ಆ ಡಿಸ್ಕ್ ಕೆಟ್ಟಿದೆ" ಅಂತ ಹಳೇದನ್ನೇ ಹಾಕಿ ಕೆಡಿಸಿರೋದನ್ನ ಕೇಳಿದೀನಿ. ಹಾಗಾಗಿ ಅದನ್ನ ಬಿಟ್ಟು, ಎರಡು ಒಳ್ಳೇ ಡಿಸ್ಕಿನ ಕಾಪಿ ಮತ್ತೆ ಕೆಟ್ಟಿದ್ದರ ಕಾಪಿ, ಮೂರನ್ನೇ ಹಾಕಿ ಅಸೆಂಬಲ್ ಫೋರ್ಸ್ ಕೊಟ್ಟೆ, ಅದೂ ನೇರ ಕಾಪಿಗಳ ಮೇಲೆ ಬರೀದಂಗೆ ಮಧ್ಯೆ ಓವರ್‌ಲೇ ಪದರ ಇಟ್ಟು. ಬದಲಾವಣೆಯೆಲ್ಲ ಬೇರೆ ಫೈಲಿಗೆ ಹೋಗುತ್ತೆ, ಎಡವಟ್ಟಾದ್ರೆ ಅದನ್ನ ಅಳಿಸಿ ಮತ್ತೆ ಶುರು. ಅರ್ರೇ ಎದ್ದು ಕೂತ್ಕೊಂಡು, ರೀಡ್ ಓನ್ಲಿ ಮೌಂಟ್ ಆಗಿ, ಫೋಲ್ಡರ್ ಹೆಸರುಗಳು ಸ್ಕ್ರೀನಲ್ಲಿ ಇಳಿದಾಗ ಪ್ರೆಸ್ಸಿನ ಡಿಟಿಪಿ ಮೇಡಂಗೆ ಫೋನ್ ಮಾಡಿ ಓದಿ ಹೇಳ್ದೆ. "ಅಣ್ಣ, ಸ್ಮರಣ ಸಂಚಿಕೆ ಫೋಲ್ಡರ್ ಇದ್ಯಾ ಮೊದ್ಲು ನೋಡಿ, ಮುಂದಿನ ವಾರ ಕೊಡ್ಬೇಕು ಅದನ್ನ" ಅಂದ್ರು. ಇತ್ತು.

ಎಲ್ಲಾ ಫೈಲೂ ಸರಿ ಇದ್ಯಾ ಅಂತ ಹೇಗೆ ಗೊತ್ತಾಗ್ಬೇಕು? ಇಲ್ಲೂ ಡಿಡಿರೆಸ್ಕ್ಯೂಲಿ ಒಂದು ಒಳ್ಳೇ ಸೌಲಭ್ಯ ಇದೆ, ಫಿಲ್ ಮೋಡ್ ಅಂತ. ಓದೋಕಾಗದ ಜಾಗಗಳಲ್ಲಿ, ಕಾಪಿ ಮೇಲೆ, ನಾವು ಕೊಟ್ಟ ಯಾವುದಾದ್ರೂ ಪದ ತುಂಬುತ್ತೆ. ಆಮೇಲೆ ಫೈಲುಗಳ ಒಳಗೆ ಆ ಪದ ಹುಡುಕಿದ್ರೆ ಯಾವ ಫೈಲಿಗೆ ಏಟು ಬಿದ್ದಿದೆ ಅಂತ ಗೊತ್ತಾಗುತ್ತೆ. ಒಂದೇ ಡಿಸ್ಕಾದ್ರೆ ಇದು ಪಕ್ಕಾ. ರೇಡ್ 5ರಲ್ಲಿ ಮಾತ್ರ ಪೂರ್ತಿ ನಂಬಬೇಡಿ, ಇಲ್ಲದ ಡಿಸ್ಕಿನ ಡೇಟಾ ಲೆಕ್ಕ ಹಾಕುವಾಗ ಆ ಪದ ಬೇರೆ ಡೇಟಾ ಜೊತೆ ಬೆರೆತು ಗುರುತೇ ಸಿಗದಂಗೆ ಆಗುತ್ತೆ. ಅಂಥ ಫೈಲುಗಳು ಓಪನ್ ಮಾಡಿದಾಗ್ಲೇ ಗೊತ್ತಾಗೋದು.

ಈಗ ಫೋಟೋರೆಕ್. ಇದು ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತೆ, ಎರಡೂ ಒಬ್ಬರದ್ದೇ ಕೆಲಸ. ಟೆಸ್ಟ್‌ಡಿಸ್ಕ್ ಕಳೆದುಹೋದ ಪಾರ್ಟಿಶನ್ (ಡಿಸ್ಕಲ್ಲಿ ಮಾಡಿರೋ ಭಾಗ) ಹುಡುಕಿಕೊಡೋಕೆ ಅದ್ಭುತ, ಆದ್ರೆ ನಮ್ಮ ಕೇಸಲ್ಲಿ ಪಾರ್ಟಿಶನ್ ಸರಿ ಇದ್ದಿದ್ರಿಂದ ಅದರ ಕೆಲಸ ಬೀಳ್ಲಿಲ್ಲ. ಫೋಟೋರೆಕ್ ಬೇಕಾಗಿದ್ದು ಒಂದು ಡಿಸೈನ್ ಫೋಲ್ಡರ್ ಹಾಳಾಗಿದ್ದಕ್ಕೆ. ಹೆಸರಲ್ಲಿ ಫೋಟೋ ಅಂತ ಇದ್ರೂ 480ಕ್ಕೂ ಹೆಚ್ಚು ಥರದ ಫೈಲ್ ಗುರುತು ಹಿಡಿಯುತ್ತೆ. ಫೈಲ್‌ಸಿಸ್ಟಮ್ ಕಡೆ ತಿರುಗಿಯೂ ನೋಡಲ್ಲ, ಡಿಸ್ಕ್ ಮೇಲೆ ಸಾಲಾಗಿ ಓದ್ತಾ ಇದು ಜೆಪೆಗ್ ಶುರುವಾದಂಗಿದೆ, ಇದು ಪಿಡಿಎಫ್ ಶುರುವಾದಂಗಿದೆ ಅಂತ ಹೆಡರ್, ಅಂದ್ರೆ ಫೈಲಿನ ಶುರುವಿನ ಗುರುತು, ನೋಡಿ ಎತ್ತುತ್ತೆ. ಬೇರೆಲ್ಲಾ ಸಾಫ್ಟ್‌ವೇರ್ ಕೈಚೆಲ್ಲಿದ ಕಡೇನೂ ಇದು ಏನಾದ್ರೂ ತರುತ್ತೆ, ಅದು ಇದರ ಹೆಚ್ಚುಗಾರಿಕೆ.

ತೊಂದರೆ ಏನಪ್ಪಾ ಅಂದ್ರೆ ಹೆಸರಿಲ್ಲ. ಎಫ್ ಅಂತ ಶುರುವಾಗಿ ಉದ್ದಕ್ಕೆ ನಂಬರು, ಕೊನೇಲಿ ಎಕ್ಸ್‌ಟೆನ್ಶನ್, ಅಷ್ಟೇ. ಫೋಲ್ಡರೂ ಇಲ್ಲ, ರೆಕಪ್ ಡಿರ್ ಒಂದು, ಎರಡು, ಮೂರು ಅಂತ ತಾನೇ ಮಾಡ್ಕೊಂಡು ಒಂದೊಂದರಲ್ಲಿ 500 ಫೈಲ್ ತುಂಬುತ್ತೆ. ಅದರಲ್ಲಿ ಸಾವಿರಾರು ಥಂಬ್‌ನೇಲು, ವೆಬ್‌ಸೈಟಿನ ಲೋಗೋ, ಅರ್ಧಂಬರ್ಧ ಪಿಡಿಎಫು. ತುಂಡು ತುಂಡಾಗಿ ಸೇವ್ ಆಗಿದ್ದ ದೊಡ್ಡ ಫೈಲುಗಳು ಅರ್ಧ ಬಂದು ಕೆಳಗರ್ಧ ಬೂದು ಬಣ್ಣ. ಡಿಟಿಪಿ ಮೇಡಂ ಕೂತು ಲಗ್ನಪತ್ರಿಕೆಗಳನ್ನ ಗಂಡು ಹೆಣ್ಣಿನ ಹೆಸರು ಓದಿ ಓದಿ ಬೇರೆ ಮಾಡ್ತಿದ್ರು, ನಡುನಡುವೆ "ಈ ಮದ್ವೆಗೆ ನಾವೂ ಹೋಗಿದ್ವಿ" ಅಂತ ಬೇರೆ.

ಇಲ್ಲಿ ನಮ್ಮ ಕಡೆ ಪ್ರೆಸ್ಸುಗಳಿಗೆ ಮಾತ್ರ ಬರೋ ಒಂದು ಫಜೀತಿ ಇದೆ, ಯಾವ ಇಂಗ್ಲಿಷ್ ರಿವ್ಯೂನಲ್ಲೂ ಸಿಗಲ್ಲ. ಹೆಸರಿಲ್ಲದ ವರ್ಡ್ ಫೈಲುಗಳ ರಾಶೀಲಿ ಬೇಕಾದ್ದನ್ನ ಹುಡುಕೋಕೆ ಒಳಗಿನ ಪದ ಕೊಟ್ಟು ಸರ್ಚ್ ಮಾಡೋದು ಸುಲಭದ ದಾರಿ. ಕನ್ನಡದಲ್ಲಿ ಸಂಘದ ಹೆಸರು ಟೈಪ್ ಮಾಡಿ ಹುಡುಕಿದ್ರೆ ಒಂದೂ ಸಿಗ್ಲಿಲ್ಲ. ಯಾಕಂದ್ರೆ ಪ್ರೆಸ್ಸಿನ ಹಳೇ ಮ್ಯಾಟರೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ, ಈಗ ಫೋನಲ್ಲೆಲ್ಲ ಬಳಸೋ ಯೂನಿಕೋಡಲ್ಲ. ಫಾಂಟ್ ತೆಗೆದ್ರೆ ಒಳಗಿರೋದು ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೀಟಿರೋ ಎ, ಎಲ್ಲಾ ಸೇರಿದ ಗೋಜಲು. ಹಾಗಾಗಿ ಹುಡುಕೋ ಪದಾನೂ ಅದೇ ಆಸ್ಕಿ ಮೋಡಲ್ಲಿ ಟೈಪ್ ಮಾಡಿ, ಆ ಗೋಜಲನ್ನೇ ಸರ್ಚಿಗೆ ಹಾಕ್ಬೇಕು. ಹಾಕಿದ್ಮೇಲೆ ಪಟಪಟ ಅಂತ ಸಿಕ್ವು. ಇದು ಗೊತ್ತಿಲ್ಲದೆ ಎಷ್ಟು ಜನ "ಕನ್ನಡ ಫೈಲ್ ಒಂದೂ ಬಂದಿಲ್ಲ" ಅಂತ ಕೈಬಿಟ್ಟಿರ್ತಾರೋ.

ಟ್ಯಾಲಿ ವಿಷಯಕ್ಕೆ ಫೋಟೋರೆಕ್ ಮರ್ತುಬಿಡಿ. ಟ್ಯಾಲಿ ಡೇಟಾ ಅಂದ್ರೆ ಒಂದು ಫೈಲಲ್ಲ, ಕಂಪನಿ ನಂಬರಿನ ಫೋಲ್ಡರ್ ತುಂಬ ಫೈಲು, ಇಆರ್‌ಪಿ 9 ಆದ್ರೆ ಕಂಪನಿ, ಮ್ಯಾನೇಜರ್, ಟ್ರ್ಯಾನ್‌ಎಂಜಿಆರ್ ಹೀಗೆ ಎಲ್ಲಕ್ಕೂ ಕೊನೇಲಿ ಡಾಟ್ 900. ಹೆಸರು ಹೋದ್ರೆ ಯಾವುದು ಯಾವುದಕ್ಕೆ ಸೇರಿದ್ದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಪುಣ್ಯಕ್ಕೆ ನಮಗೆ ಫೋಲ್ಡರ್ ಹೆಸರು ಸಮೇತ ಅರ್ರೇಯಿಂದಾನೇ ಬಂತು, ಆದ್ರೆ ಓಪನ್ ಮಾಡಿದ್ರೆ ಎರರ್. ಫೋಲ್ಡರನ್ನ ಇನ್ನೊಂದು ಕಡೆ ಕಾಪಿ ಇಟ್ಟು, ಕಂಟ್ರೋಲ್ ಆಲ್ಟ್ ಆರ್ ಹೊಡೆದು ರೀರೈಟ್ ಮಾಡಿಸಿದ್ಮೇಲೆ ತೆರ್ಕೊಳ್ತು, ಕೆಲವು ವೋಚರ್ ಕಾಣೆ. ಆಗ ನೆನಪಾಗಿದ್ದು ಆ ಎಸ್‌ಎಸ್‌ಡಿ. ಸ್ಕ್ರಿಪ್ಟು ತಪ್ಪು ಜಾಗಕ್ಕೆ ಕಾಪಿ ಮಾಡಿತ್ತಲ್ಲ, ಅದು ಅಕ್ಷರಮಾಲೆ ಕ್ರಮದಲ್ಲಿ ಹೋಗಿತ್ತು, ಅಕೌಂಟ್ಸ್ ಫೋಲ್ಡರ್ ಇಂಗ್ಲಿಷಿನ ಎ ಅಕ್ಷರದಿಂದ ಶುರುವಾಗೋದ್ರಿಂದ ಜಾಗ ತುಂಬೋ ಮೊದಲೇ ಕಾಪಿ ಆಗಿತ್ತು. ಹಳೇದಾದ್ರೂ ಅಲ್ಲೀವರೆಗಿನ ಲೆಕ್ಕ ತಾಳೆ ನೋಡೋಕೆ ಸಿಕ್ತು. ಉಳಿದಿದ್ದನ್ನ ಅವರ ಆಡಿಟರ್ ಕಡೆಯೋರು ಜಿಎಸ್‌ಟಿ ಪೋರ್ಟಲಿಂದ ಮಾರಾಟಕ್ಕೆ ಹಾಕಿದ ರಿಟರ್ನ್ ಜಿಎಸ್‌ಟಿಆರ್ 1, ಖರೀದಿಗೆ 2ಬಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಂಡು ಮತ್ತೆ ಎಂಟ್ರಿ ಮಾಡಿದ್ರು. ಬೇಸರದ ಕೆಲಸ, ಆದ್ರೆ ಬಿಡೋಹಂಗಿಲ್ಲ, ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಕೊಡೋ ಕಡೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರ್ಲೇಬೇಕು.

ಹೊರಗಿಂದ ವಾಪಸ್ ತರೋ ಈ ದಾರೀನ ಜನ ಕಡೆಗಣಿಸ್ತಾರೆ. ಪ್ರೆಸ್ಸಿನೋರು ಗಿರಾಕಿಗೆ ಪ್ರೂಫ್ ಅಂತ ವಾಟ್ಸಾಪಲ್ಲಿ, ಮೇಲಲ್ಲಿ ಕಳಿಸಿದ್ದ ಪಿಡಿಎಫುಗಳೇ ಎಷ್ಟೋ ಸಿಕ್ವು. ಪ್ಲೇಟ್ ಹಾಕೋರ ಹತ್ರ ಕೆಲವು ಪೂರ್ತಿ ಫೈಲೇ ಇತ್ತು. ವೆಬ್‌ಸೈಟ್ ಇದ್ದೋರು ಆರ್ಕೈವ್ ಡಾಟ್ ಆರ್ಗ್‌ನ ವೇಬ್ಯಾಕ್ ಮಷೀನಲ್ಲಿ ಹುಡುಕ್ಬಹುದು, ಪುಟ ಬರುತ್ತೆ, ಡೇಟಾಬೇಸ್ ಬರಲ್ಲ.

ಇವು ಯಾವುದಕ್ಕೆ ಆಗಲ್ಲ ಅಂತಾನೂ ಹೇಳ್ಬೇಕು. ಡಿಸ್ಕು ಆನ್ ಮಾಡಿದ ಕೂಡ್ಲೇ ಒಂದೇ ಸಮ ಕಟ್ ಕಟ್ ಅಂತ ಬಡ್ಕೊಳ್ತಿದ್ರೆ ಡಿಡಿರೆಸ್ಕ್ಯೂ ಓಡಿಸ್ಬೇಡಿ, ಹೆಡ್ ಹೋಗಿರುತ್ತೆ, ಪ್ರತಿ ನಿಮಿಷಾನೂ ಒಳಗಿನ ತಟ್ಟೆ ಗೀರ್ತಾ ಇರುತ್ತೆ. ಅದು ಕ್ಲೀನ್ ರೂಮ್ ಇರೋ ಲ್ಯಾಬಿನ ಕೆಲಸ, ದುಬಾರಿ. ಡಿಸ್ಕ್ ನೋಡದೇನೇ ಫೋನಲ್ಲೇ "ನೂರಕ್ಕೆ ನೂರು ಬರುತ್ತೆ" ಅನ್ನೋರ ಹತ್ರ ಹೋಗ್ಬೇಡಿ, ಡೇಟಾ ಬರ್ದಿದ್ರೂ ಡಿಸ್ಕ್ ಬಿಚ್ಚಿದ್ದಕ್ಕೆ ಎಷ್ಟು ತಗೋತಾರೆ ಅಂತ ಮೊದಲೇ ಬರೆಸ್ಕೊಳ್ಳಿ. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆಗಿ, ಆ ಜಾಗ ಖಾಲಿ ಮಾಡೋ ಟ್ರಿಮ್ ಓಡಿದ್ಮೇಲೆ ಫೋಟೋರೆಕ್‌ಗೆ ಎತ್ತೋಕೆ ಏನೂ ಉಳಿದಿರಲ್ಲ. ಡೇಟಾ ಕ್ಲೌಡಲ್ಲಿದ್ದು ಅವರ ಕಟ್ಟಡವೇ ಸುಟ್ರಂತೂ ಸಾಫ್ಟ್‌ವೇರ್ ಏನು ಮಾಡುತ್ತೆ, 2021 ಮಾರ್ಚ್ 10ಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ ಬೇರೆ ಕಡೆ ಕಾಪಿ ಇಟ್ಟಿದ್ದೋರಷ್ಟೇ ಬಚಾವು. 2025 ಸೆಪ್ಟೆಂಬರಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ಸರ್ಕಾರಿ ಡೇಟಾ ಸೆಂಟರ್ ಬೆಂಕೀಲಿ ಸರ್ಕಾರಿ ನೌಕರರ 858 ಟಿಬಿ ಫೈಲು ಹೋಯ್ತು, ತುಂಬಾ ದೊಡ್ಡದು ಅಂತ ಅದಕ್ಕೆ ಹೊರಗಡೆ ಬ್ಯಾಕಪ್ಪೇ ಇಟ್ಟಿರ್ಲಿಲ್ಲ.

ಲೈವ್ ಪೆನ್‌ಡ್ರೈವ್, ಅಂದ್ರೆ ಕಂಪ್ಯೂಟರನ್ನ ಅದರಿಂದಾನೇ ಶುರು ಮಾಡೋ ಪೆನ್‌ಡ್ರೈವ್, ಅದರ ಬಗ್ಗೆ ಒಂದು ಮಾತು. ನಾನು ಸಿಸ್ಟಮ್‌ರೆಸ್ಕ್ಯೂ ಅನ್ನೋ ಲಿನಕ್ಸ್ ಬಳಸ್ತೀನಿ, ಮೂರೂ ಅದರಲ್ಲೇ ಇರ್ತವೆ. ಮಾಮೂಲಿ ಡೆಸ್ಕ್‌ಟಾಪ್ ಲಿನಕ್ಸಲ್ಲಿ ಬೂಟ್ ಮಾಡಿದ್ರೆ ಹುಷಾರು, ಕಣ್ಣಿಗೆ ಬಿದ್ದ ಡಿಸ್ಕನ್ನೆಲ್ಲ ತಾನಾಗೇ ಮೌಂಟ್ ಮಾಡೋ ಚಾಳಿ ಕೆಲವಕ್ಕಿದೆ, ಸಾಯ್ತಿರೋ ಡಿಸ್ಕಿಗೆ ಅದೇ ಕೊನೇ ಏಟಾಗ್ಬಹುದು.

ಮಾರ್ಕ್ಸು: ಡಿಡಿರೆಸ್ಕ್ಯೂಗೆ 5ಕ್ಕೆ 5, ಮೇಲೆ ಹೇಳಿದ ದೂರುಗಳಿದ್ರೂ ಕಡಿಮೆ ಮಾಡಲ್ಲ. ಫೋಟೋರೆಕ್‌ಗೆ 3.5, ಫೋಟೋ ಮಾತ್ರ ಬೇಕು ಅನ್ನೋರು 4.5 ಅಂತ ಓದ್ಕೊಳ್ಳಿ, ಟ್ಯಾಲಿ, ಡೇಟಾಬೇಸ್ ಇರೋರು 1. ಟೆಸ್ಟ್‌ಡಿಸ್ಕಿಗೆ ಈ ಕೆಲಸದಲ್ಲಿ ಮಾರ್ಕ್ಸ್ ಕೊಡೋಕೆ ಅವಕಾಶವೇ ಬರ್ಲಿಲ್ಲ. ಇನ್‌ಸ್ಟಾಲ್ ಮಾಡೋರಿಗೆ: ಡೆಬಿಯನ್, ಉಬುಂಟು ಎರಡರಲ್ಲೂ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ, ಮುಂದೆ ಒಂದು ಜಿ ಇದೆ, ಆದ್ರೆ ಕಮಾಂಡ್ ಹೊಡೆಯುವಾಗ ಜಿ ಇಲ್ಲದ ಡಿಡಿರೆಸ್ಕ್ಯೂ. ಡಿಡಿ ಆದ್ಮೇಲೆ ಅಂಡರ್‌ಸ್ಕೋರ್ ಇರೋ ಇನ್ನೊಂದು ಪ್ರೋಗ್ರಾಂ ಇದೆ, ಅದು ಬೇರೆಯವರದ್ದು, ಅದರ ಆಪ್ಷನ್ನುಗಳೂ ಬೇರೆ, ನಾನು ಇಲ್ಲಿ ಬರೆದಿರೋ ಮೈನಸ್ ಎನ್, ಮೈನಸ್ ಆರ್ ಅದಕ್ಕೆ ಹಾಕ್ಬೇಡಿ.